ಚಿಬ್ಬಡದ ಬೀಜ

ಚಿಬ್ಬಡದ ವಾಸನೆ ಹೇಗಿರುತ್ತದೆ ಎಂದು ಅದನ್ನು ತಿನ್ನದವರಿಗೆ ಹೇಳುವುದು ಕಷ್ಟ. ಕರಬೂಜದ ಹಾಗೆ ಎನ್ನೋಣವೆಂದರೆ ಅಷ್ಟು ಸಿಹಿಯಲ್ಲ, ಹಣ್ಣಾದ ಸೌತೆಯ ಹಾಗೆ ಎನ್ನೋಣವೆಂದರೆ ಅಷ್ಟು ಸಪ್ಪೆಯಲ್ಲ. ಮಳೆ ಹಿಂದೆ ಸರಿದು ಬಿಸಿಲು ಚುರುಗುಟ್ಟುವ ಚೌತಿಯ ದಿನಗಳಲ್ಲಿ ಅದು ಬಳ್ಳಿಯಲ್ಲೇ ಹಣ್ಣಾಗಿ, ಯಾರೂ ಮುಟ್ಟದಿದ್ದರೂ ತಾನಾಗಿ ಬಿರಿದು, ಒಳಗಿನ ಹಿಟ್ಟು ಹಿಟ್ಟು ತಿರುಳನ್ನು ತೋರಿಸಿಕೊಂಡು ಬಿದ್ದಿರುತ್ತದೆ. ಹೊನ್ನಾವರದ ಆಚೆಯವರು ಇದನ್ನೇ ಇಬ್ಬುಡ್ಲ ಎನ್ನುತ್ತಾರೆ. ಬಿರಿದ ಹಣ್ಣು ಒಂದು ದಿನಕ್ಕಿಂತ ಹೆಚ್ಚು ತಡೆಯುವುದಿಲ್ಲ, ಲಾರಿಯ ಕುಲುಕಾಟವಂತೂ ಅದಕ್ಕೆ ಆಗಿಬರುವುದೇ ಇಲ್ಲ; ಹಾಗಾಗಿ ಅದು ಪೇಟೆಯಲ್ಲಿ ಕಣ್ಣಿಗೆ ಬೀಳದೆ ಎಷ್ಟೋ ವರ್ಷವಾಗಿತ್ತು. ಕಳೆದ ಚೌತಿಯ ಮರುವಾರ, ಅವರ್ಸಾ ದಾಟಿ ಅಂಕೋಲೆಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಸಾವಯವ ತರಕಾರಿ ಅಂಗಡಿಯ ಮೆಟ್ಟಿಲು ಹತ್ತುವಾಗ ಆ ವಾಸನೆ ಬಂತು. ಕಳಚಿದ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ. ಈಗ ಇಲ್ಲದ ನಮ್ಮ ಅರ್ಗಾದ ಮನೆಯ ಅಡುಗೆಕೋಣೆ, ಅದರ ಹೊಗೆ ಹಿಡಿದ ಗೋಡೆ, ಗೋಡೆಗೆ ಒರಗಿ ಕಾಲು ಚಾಚಿ ಕೂತ ಅಜ್ಜಿ, ಎಲ್ಲ ಒಟ್ಟಿಗೆ ನೆನಪಾದವು.

ಭಾನುವಾರ ಭಾನುವಾರ ಇಂಥ ಅಂಗಡಿಗಳನ್ನು ಹುಡುಕಿಕೊಂಡು ಹೋಗುವುದು ನನ್ನ ಚಟ. ಕಾರವಾರದಲ್ಲಿ ಕಚೇರಿ ಕೆಲಸ, ಬಾಡಿಗೆ ಮನೆಯಲ್ಲಿ ಒಂದು ತುಳಸಿಗಿಡ. ಮಣ್ಣಿನ ಸಂಬಂಧ ಅಷ್ಟೇ ಉಳಿದದ್ದು. ಹಾಗಾಗಿ ಗಂಡನ ಸ್ಕೂಟರಿನ ಹಿಂದೆ ಕೂತು, ಎಲ್ಲಿ ‘ಸಾವಯವ’ ಎಂಬ ಬೋರ್ಡು ಕಂಡರೂ ಇಳಿಯುತ್ತೇನೆ. ಯಾವ ಊರಿನ ಬದನೆ, ಯಾವ ಗದ್ದೆಯ ಕಗ್ಗ ಅಕ್ಕಿ, ಜೋನಿ ಬೆಲ್ಲ ಕಾಯಿಸಿದವರು ಯಾರು, ಎಲ್ಲ ವಿಚಾರಿಸಬೇಕು. ಕುಂಬಳಕಾಯಿಯ ಕುಲಗೋತ್ರ ಕೇಳದೆ ಇವಳು ಚೀಲಕ್ಕೆ ಹಾಕುವುದಿಲ್ಲ ಎಂದು ಗಂಡ ಅಂಗಡಿಯವರ ಮುಂದೆಯೇ ನಗುತ್ತಾರೆ. ಕೇಳುವುದು ನನ್ನ ಸ್ವಭಾವ, ಏನು ಮಾಡಲಿ. ಈ ಅಂಗಡಿ ನನ್ನಂಥವರಿಗೆಂದೇ ಇಟ್ಟ ಹಾಗಿತ್ತು. ಒಂದೊಂದು ಬುಟ್ಟಿಗೂ ಬೆಳೆದವರ ಹೆಸರು ಬರೆದ ಚೀಟಿ ಸಿಕ್ಕಿಸಿದ್ದರು. ಹರಿವೆ ಕಟ್ಟುಗಳ ಪಕ್ಕದ ಬುಟ್ಟಿಯಲ್ಲಿ ಬಾಳೆಲೆಯ ಮೇಲೆ ಐದು ಚಿಬ್ಬಡಗಳಿದ್ದವು. ಹಳದಿ ಸಿಪ್ಪೆ, ಅದರ ಮೇಲೆ ತೊಟ್ಟಿನಿಂದ ತುದಿಯವರೆಗೆ ಕಡು ಹಸಿರಿನ ಸಪೂರ ಗೆರೆಗಳು. ಹಳದಿ ಚಿಬ್ಬಡ ಎಲ್ಲ ಕಡೆಯೂ ಇದ್ದೀತು, ಗೆರೆಯ ಚಿಬ್ಬಡ ನಾನು ಕಂಡದ್ದು ಅಜ್ಜಿಯ ಬಳ್ಳಿಯಲ್ಲಿ ಮಾತ್ರ. ಮತ್ತು ಅಜ್ಜಿ ಕೂಡಿಟ್ಟ ಅದರ ಬೀಜ ಏನಾಯಿತು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಅಜ್ಜಿಯ ತವರು ಕಾಳಿ ನದಿಯಾಚೆಯ ಚಿತ್ತಾಕುಲ. ಮದುವೆಯಾಗಿ ದೋಣಿಯಲ್ಲಿ ಹೊಳೆ ದಾಟಿ ಬರುವಾಗ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ತಂದ ಬೀಜವಂತೆ ಅದು. ಅಜ್ಜಿ ಬೇರೆಲ್ಲದರಲ್ಲೂ ಧಾರಾಳಿ. ಬದನೆ, ಹೀರೆ, ಮೊಗೆಕಾಯಿ, ಯಾವ ಬೀಜ ಕೇಳಿದರೂ ಮುಷ್ಟಿ ತುಂಬ ಕೊಡುತ್ತಿದ್ದಳು. ಚಿಬ್ಬಡದ ಬೀಜಕ್ಕೆ ಮಾತ್ರ ಅವಳಷ್ಟು ಜಿಪುಣಿ ಇನ್ನೊಬ್ಬಳಿರಲಿಲ್ಲ. ನೆರೆಮನೆಗಳಿಗೆ ಹಣ್ಣು ಕಳಿಸುವಾಗ ಹೆಚ್ಚಿ, ಬೀಜವಿರುವ ಒಳತಿರುಳನ್ನು ಪೂರ್ತಿ ಕೆರೆದು ತೆಗೆದು, ಬೆಲ್ಲ ಅವಲಕ್ಕಿ ಕಲಸಿ ತಟ್ಟೆಯಲ್ಲೇ ಕಳಿಸುತ್ತಿದ್ದಳು. ನಮಗೆ ಮಕ್ಕಳಿಗೂ ಇಡೀ ಹಣ್ಣು ಹಿಡಿದುಕೊಂಡು ಅಂಗಳ ದಾಟುವ ಅಪ್ಪಣೆಯಿರಲಿಲ್ಲ. ಬಳ್ಳಿಯ ನಡುಭಾಗದಲ್ಲಿ ಬಿಟ್ಟ ಒಂದು ಒಳ್ಳೆಯ ಕಾಯಿಗೆ ಹಳೆ ಸೀರೆಯ ಅಂಚು ಕಟ್ಟಿದಳೆಂದರೆ ಅದು ಬೀಜಕ್ಕೆ ಬಿಟ್ಟದ್ದು, ಯಾರೂ ಮುಟ್ಟಬಾರದು. ಅದು ಬಿರಿದ ದಿನ ಬೀಜ ತೊಳೆದು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿದ ಸಗಣಿಯಲ್ಲಿ ಕಲಸಿ, ಅಂಗೈಯಗಲದ ಬಿಲ್ಲೆ ಮಾಡಿ, ಒಲೆಯ ಮೇಲ್ಗಡೆಯ ಗೋಡೆಗೆ ಬಡಿಯುತ್ತಿದ್ದಳು. ಹೊಗೆ ತಾಗಿದರೆ ಹುಳ ಬೀಳುವುದಿಲ್ಲ. ಮಳೆಗಾಲ ಹಿಡಿಯುವಾಗ ಬಿಲ್ಲೆ ಕಿತ್ತು, ಪುಡಿಮಾಡಿ, ಬಿತ್ತುವುದು. ನಮ್ಮ ಅಡುಗೆಕೋಣೆಯ ಗೋಡೆಯಲ್ಲಿ ದೇವರ ಪಟ ಒಂದೂ ಇರಲಿಲ್ಲ, ಬೀಜದ ಬಿಲ್ಲೆಗಳು ಮಾತ್ರ ಇದ್ದವು.

ಅಜ್ಜಿಯ ಗೆಳತಿಯೆಂದರೆ ನಾಗಿ. ಬೇಲೇಕೇರಿ ಕಡೆಯ ಹಾಲಕ್ಕಿ ಹೆಂಗಸು, ಕೊರಳ ತುಂಬ ಮಣಿಸರ, ಅಜ್ಜಿಗಿಂತ ಇಪ್ಪತ್ತು ವರ್ಷಕ್ಕಾದರೂ ಚಿಕ್ಕವಳು. ವಾರಕ್ಕೆ ಮೂರು ದಿನ ಮೊದಲ ಬಸ್ಸಿಗೆ ತರಕಾರಿಯ ಬುಟ್ಟಿ ಹೇರಿಕೊಂಡು ಬಂದು ಅರ್ಗಾದ ಮನೆಮನೆ ಸುತ್ತಿ, ಕೊನೆಗೆ ನಮ್ಮ ಜಗಲಿಗೆ ಬಂದು ಕೂರುತ್ತಿದ್ದಳು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಅಜ್ಜಿ ಕನ್ನಡ ಮಾತಾಡುತ್ತಿದ್ದದ್ದು ನಾಗಿಯ ಹತ್ತಿರ, ನಾಗಿಯ ಥರದ್ದೇ ಕನ್ನಡ. ಗಂಜಿ ಕುಡಿದು, ಎಲೆಯಡಿಕೆ ಹಾಕಿ, ಇಬ್ಬರೂ ಮಧ್ಯಾಹ್ನವಿಡೀ ಸೊಸೆಯಂದಿರನ್ನೂ ಹುಳುಗಳನ್ನೂ ಒಂದೇ ಧಾಟಿಯಲ್ಲಿ ಬೈಯುತ್ತ ಕೂರುತ್ತಿದ್ದರು. ಹೊರಡುವಾಗ ಬುಟ್ಟಿಯನ್ನು ಅಜ್ಜಿಯೇ ಎತ್ತಿ ಅವಳ ತಲೆಯ ಮೇಲಿಡಬೇಕು. ಖಾಲಿ ಬುಟ್ಟಿಯಲ್ಲಿ ನಮ್ಮ ಮನೆಯ ತರಕಾರಿ ಸಿಪ್ಪೆ, ಹಣ್ಣಿನ ತ್ಯಾಜ್ಯ ತುಂಬಿಕೊಂಡು ನಾಗಿ ತನ್ನ ಎಮ್ಮೆಗೆ ಒಯ್ಯುತ್ತಿದ್ದಳು.

ನನಗೆ ಹತ್ತು ವರ್ಷವಾದಾಗ ನಮ್ಮ ಮನೆ, ಗದ್ದೆ ಎಲ್ಲ ನೌಕಾನೆಲೆಗೆ ಹೋಯಿತು. ಊರಿಗೆ ಊರೇ ಹೊರಟಿತ್ತು. ಎಲ್ಲರೂ ಹೆಂಚು, ಪಕಾಸು, ಬಾಗಿಲು ಬಿಚ್ಚಿ ಗಾಡಿಗೆ ಹೇರುತ್ತಿದ್ದರು. ನಮ್ಮ ಅಡುಗೆಕೋಣೆಯ ಹೆಂಚು ಎರಡು ದಿನ ಮೊದಲೇ ಇಳಿದಿತ್ತು, ಅಕಾಲದ ಮಳೆಯ ಹನಿ ಬೇರೆ ಬಿದ್ದಿತ್ತು. ಅಜ್ಜಿ ಯಾರಿಗೂ ಹೇಳದೆ ಬೀಜದ ಬಿಲ್ಲೆಗಳನ್ನು ಕಿತ್ತು ಕೊಟ್ಟಿಗೆಯ ಹಲಗೆಯ ಮೇಲೆ, ಒಣಗಿದ ಬೆರಣಿಯ ಪಕ್ಕ ಇಟ್ಟಿದ್ದಳು. ಕಡೆಯ ದಿನ ಬೆಳಿಗ್ಗೆ ನಾಗಿ ಸಹಾಯಕ್ಕೆ ಬಂದು ಕೊಟ್ಟಿಗೆ ಗುಡಿಸುತ್ತಿದ್ದಳು. ಬಿಟ್ಟು ಹೋಗುವ ಮನೆಯಾದರೂ ಸಾರಿಸಿ, ಮಿಂದು, ದೀಪ ಹಚ್ಚಿಯೇ ಹೊರಡಬೇಕೆಂದು ಅಜ್ಜಿಯ ಹಟ. ಬಚ್ಚಲ ಒಲೆಗೆ ಬೆಂಕಿ ಹಾಕು ಎಂದು ಆಯಿ, ಅಂದರೆ ನನ್ನ ಅಮ್ಮ, ನನಗೆ ಹೇಳಿದಳು. ಸೌದೆಯೆಲ್ಲ ಗಾಡಿ ಏರಿತ್ತು. ನಾನು ಕೊಟ್ಟಿಗೆಗೆ ಹೋಗಿ ಹಲಗೆಯ ಮೇಲಿದ್ದದ್ದನ್ನೆಲ್ಲ ಲಂಗದಲ್ಲಿ ತುಂಬಿಕೊಂಡು ಬಂದು ಒಲೆಗೆ ಒಟ್ಟಿದೆ. ಚಿಕ್ಕ ಬೆರಣಿ ಒಳ್ಳೇ ಚಟಪಟ ಎನ್ನುತ್ತಿದೆಯಲ್ಲ, ಯಾಕಿರಬಹುದು ಎಂದು ಬಗ್ಗಿ ನೋಡಿದ್ದೂ ನೆನಪಿದೆ. ಆ ನೀರಿನಲ್ಲಿ ಅಜ್ಜಿ ಮಿಂದಳು. ಇವತ್ತು ನೀರು ಹದವಾಗಿ ಕಾದಿದೆ ಎಂದು ನನ್ನ ಗಲ್ಲ ಹಿಡಿದು ಹೊಗಳಿದಳು.

ಗಾಡಿ ಹೊರಡುವ ಹೊತ್ತಿಗೆ ಅಜ್ಜಿ ಕೊಟ್ಟಿಗೆಗೆ ಹೋದವಳು ಬರಿಗೈಯಲ್ಲಿ ಬಂದಳು. ಹಲಗೆಯ ಮೇಲಿದ್ದ ಬೀಜದ ಬಿಲ್ಲೆ ಎಲ್ಲಿ ಎಂದು ಕೇಳಿದಾಗಲೇ ನನಗೆ ಒಲೆಯ ಚಟಪಟ ಏನೆಂದು ತಿಳಿದದ್ದು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡೆ. ಸರಕಾರ ಕೊಟ್ಟ ಹೊಸ ಸೈಟಿನ ಸಣ್ಣ ಮನೆಯಲ್ಲಿ ಅಜ್ಜಿ ಮಾತು ಕಡಿಮೆ ಮಾಡಿದಳು. ಕೊಟ್ಟಿಗೆ ಗುಡಿಸಿದ್ದು ನಾಗಿ ಎಂಬುದನ್ನು ಮಾತ್ರ ಬಂದವರಿಗೆಲ್ಲ ಹೇಳುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ನಾಗಿ ನಮ್ಮ ಹೊಸ ವಿಳಾಸ ಹುಡುಕಿಕೊಂಡು ಬಂದು, ಸೊಂಟದಿಂದ ಒಂದು ಬಟ್ಟೆಯ ಗಂಟು ತೆಗೆದು, ಚಿಬ್ಬಡದ ಬೀಜ ಅಮ್ಮ, ಬಿತ್ತಿ ಎಂದು ಅಜ್ಜಿಯ ಮುಂದಿಟ್ಟಳು. ಅಜ್ಜಿ ಗಂಟು ಬಿಚ್ಚಿ ನೋಡಿದಳು. ಗುರುತು ಹಿಡಿಯಲು ಅವಳಿಗೆ ಎರಡನೇ ಸಲ ನೋಡಬೇಕಿರಲಿಲ್ಲ.

“ನಮ್ಮ ಬೀಜ ನಮಗೇ ಕೊಡೂಕೆ ಬಂದ್ಯನೆ ನಾಗಿ?” ಎಂದಳು.

ನಾಗಿ ಎದ್ದಳು. ತುಂಬಿದ ಬುಟ್ಟಿಯನ್ನು ತಾನೇ ಮೊಣಕಾಲಿಗೆ ಏರಿಸಿ, ಅಲ್ಲಿಂದ ಎದೆಗೆ, ಎದೆಯಿಂದ ತಲೆಗೆ ಎತ್ತಲು ಒದ್ದಾಡುತ್ತಿದ್ದಳು. ಬಾಗಿಲ ಹಿಂದೆ ನಿಂತಿದ್ದ ನಾನು ಓಡಿಹೋಗಿ ಕೈಕೊಡಬೇಕಿತ್ತು, ಒಂದು ಮಾತು ಆಡಬೇಕಿತ್ತು. ಎರಡೂ ಮಾಡಲಿಲ್ಲ. ನಾಗಿ ಮತ್ತೆ ಬರಲಿಲ್ಲ. ಅಜ್ಜಿ ಆ ಗಂಟನ್ನು ಬಿತ್ತಲೂ ಇಲ್ಲ, ಎಸೆಯಲೂ ಇಲ್ಲ. ಹುಳ ಹಿಡಿದು ಅದು ಪುಡಿಯಾಯಿತು. ನಾನು ಕಾಲೇಜಿಗೆ ಹೋಗುವಾಗ ಅಜ್ಜಿ ತೀರಿಕೊಂಡಳು. ಅಷ್ಟು ವರ್ಷ ಅವಳ ಪಕ್ಕದಲ್ಲೇ ಮಲಗಿದವಳು ನಾನು. ಹೇಳಲು ಸಮಯ ಸಿಗಲಿಲ್ಲ ಎಂದರೆ ನೀವು ನಂಬಬೇಡಿ.

ಅಂಗಡಿಯ ಬುಟ್ಟಿಯಲ್ಲಿದ್ದ ಚೀಟಿಯ ಮೇಲೆ ‘ದೇವಿ’ ಎಂದಿತ್ತು. ಯಾರು ಎಂದು ಅಂಗಡಿ ನೋಡಿಕೊಳ್ಳುವ ಹೆಂಗಸನ್ನು ಕೇಳಿದೆ. “ಇಲ್ಲೇ ಬೇಲೇಕೇರಿ ಕಡೆ ಕೊಪ್ಪದವ್ಳು. ಅವಳ ಅವ್ವಿ ನಾಗಿ ಅಂತ ಇತ್ತು, ಅರ್ಗಾ ತನಕ ಬುಟ್ಟಿ ಹೊರ್ತಿತ್ತು. ಅದು ತೀರಿ ನಾಲ್ಕು ವರ್ಷ ಆಯ್ತು” ಎಂದಳು. ದೇವಿ ನಮ್ಮ ನಾಗಿಯ ಮಗಳು. ನಾನು ಐದೂ ಹಣ್ಣು ಕೊಂಡೆ. ನಾಗಿ ಕದ್ದಿಲ್ಲ ಎಂದು ನನಗೆ ಗೊತ್ತು, ಬೀಜ ಸುಟ್ಟು ಬೂದಿಯಾದದ್ದು ನನ್ನ ಕಣ್ಣೆದುರಿಗೇ. ಹಾಗಾದರೆ ಅವಳ ಹತ್ತಿರ ಬಂದದ್ದು ಎಲ್ಲಿಂದ? ಈ ಪ್ರಶ್ನೆ ಇಷ್ಟು ವರ್ಷ ನನ್ನ ಹೊಟ್ಟೆಯಲ್ಲಿತ್ತು. ಕುತೂಹಲಕ್ಕೆ ಹೊರಟೆ ಎಂದೇ ಗಂಡನಿಗೆ ಹೇಳಿದ್ದು. ಆದರೆ ಕೊಪ್ಪದ, ಅಂದರೆ ಹಾಲಕ್ಕಿಗಳ ಕೇರಿಯ, ದಾರಿಗೆ ಸ್ಕೂಟರು ತಿರುಗಿದಾಗ, ಅವರ ಮನೆಯಲ್ಲಿ ಯಾರಿಗಾದರೂ ನಿಜ ಹೇಳದೆ ಇನ್ನು ವಾಪಸು ಬರುವ ಹಾಗಿಲ್ಲ ಎಂದು ಗೊತ್ತಾಯಿತು.

ದೇವಿ ಅಂಗಳದಲ್ಲಿ ಕೂತು ಬಸಳೆಯ ಕಟ್ಟು ಕಟ್ಟುತ್ತಿದ್ದಳು. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು. ಗದ್ದೆ ನೋಡಲು ಬರುವ ಪೇಟೆಯ ಗಿರಾಕಿಗಳ ಅಭ್ಯಾಸ ಅವಳಿಗಿತ್ತು. ಬನ್ನಿ ಎಂದು ಹಿಂದುಗಡೆಗೆ ಕರೆದೊಯ್ದು ಬಳ್ಳಿ ತೋರಿಸಿದಳು. ಬೀಜ ಎಲ್ಲಿಯದು ಎಂದು ಕೇಳಿದೆ.

“ಬೀಜ ಯಾರೂ ಕೊಟ್ಟದ್ದಲ್ಲ. ಅರ್ಗಾದಲ್ಲಿ ಒಂದು ಅಜ್ಜಿ ಮನೆ ಇತ್ತು. ಅಲ್ಲಿಂದ ಅವ್ವಿ ಎಮ್ಮೆಗೆ ಸಿಪ್ಪೆ, ತಿರುಳು ತರ್ತಿತ್ತು. ಒಂದ್ ಮಳೆಗಾಲ ಗೊಬ್ಬರದ ಗುಂಡಿ ಮೇಲೆ ಬಳ್ಳಿ ಹುಟ್ತು. ಅಜ್ಜಿಗೆ ಗೊತ್ತಾದ್ರೆ ಬೇಜಾರು ಮಾಡ್ಕಣ್ತದೆ ಅಂದು ಅವ್ವಿ ಆ ಹಣ್ಣು ಅರ್ಗಾ ಬದಿಗೆ ಒಯ್ಯೂಕೇ ಇಲ್ಲ” ಎಂದಳು.

ಎಷ್ಟು ಸರಳ. ತಟ್ಟೆಗೆ ಒಂದು ಬೀಜವೂ ಹೋಗದ ಹಾಗೆ ಕಾದ ಅಜ್ಜಿ, ಕೆರೆದು ತೆಗೆದ ತಿರುಳನ್ನು ತಾನೇ ನಾಗಿಯ ಬುಟ್ಟಿಗೆ ಸುರಿಯುತ್ತಿದ್ದಳು. ನನಗೆ ಅಲ್ಲೇ ನಗು ಬಂತು, ಹಿಂದೆಯೇ ಅಳು. ಬಚ್ಚಿಟ್ಟುಕೊಂಡದ್ದನ್ನು ನಾಗಿ ಹೊರಗೆ ತೆಗೆದದ್ದು ಅಜ್ಜಿಯ ಬೀಜ ಕಳೆದುಹೋಯಿತೆಂದು ಕೇಳಿದ ಮೇಲೆಯೇ, ಮತ್ತು ಅಜ್ಜಿಗೆ ಕೊಡಲೆಂದೇ. ಆ ಮನೆಯ ಮೊಮ್ಮಗಳು ನಾನು ಎಂದೆ. ಬೀಜ ಸುಟ್ಟದ್ದು ನಾನು, ಗೊತ್ತಿದ್ದೂ ಸುಮ್ಮನಿದ್ದವಳೂ ನಾನು ಎಂದು ಎಲ್ಲ ಹೇಳಿದೆ. ದೇವಿ ಬಳ್ಳಿಯ ಒಂದು ಒಣಗಿದ ಎಲೆ ಕಿತ್ತು ಕೈಯಲ್ಲೇ ಪುಡಿ ಮಾಡುತ್ತ ಕೇಳಿಸಿಕೊಂಡಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

“ಬಸ್ಸಲ್ಲಿ ಬರೂ ಹೆಂಗಸ್ರೆಲ್ಲ ಅವ್ವಿಗೆ ಬೀಜಕಳ್ಳಿ ಅಂತಿದ್ರು” ಎಂದಳು ಕೊನೆಗೆ. “ಅದ್ಕೇ ಅದು ಆ ಬದಿ ಲೈನು ಬಿಟ್ಟದ್ದು. ಇಲ್ಲೇ ನಿಲ್ಲಿ ನೀವು.”

ಒಳಗೆ ಹೋಗಿ ಅಣ್ಣನನ್ನು ಕರೆತಂದಳು. ಇವನ ಮುಂದೆ ಇನ್ನೊಂದು ಸಲ ಹೇಳಿ ಎಂದಳು. ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿ, ಹೆಂಡತಿಯನ್ನೂ ಪಕ್ಕದ ಚಿಕ್ಕಪ್ಪನ ಮನೆಯವರನ್ನೂ ಕರೆದ. ಅವರೆದುರೂ ಹೇಳಿದೆ. ಗಂಡ ಸ್ಕೂಟರಿನ ಹತ್ತಿರವೇ ನಿಂತಿದ್ದರು. ಮದುವೆಯಾಗಿ ಇಷ್ಟು ವರ್ಷವಾದರೂ ಅವರಿಗೂ ಇದು ಹೊಸ ಸುದ್ದಿಯೇ. ಕಡೆಗೆ ದೇವಿ ನನ್ನ ಕೈ ಹಿಡಿದು ಜಗಲಿಯ ಮೂಲೆಗೆ ಕರೆದೊಯ್ದಳು. ಅಲ್ಲಿ ನಾಗಿಯ ಅಕ್ಕ ಚಾಪೆಯ ಮೇಲೆ ಕೂತಿದ್ದಳು, ತೀರ ಹಣ್ಣಾದ ಮುದುಕಿ. “ದೊಡ್ಡವ್ವಿಗೆ ಕಿವಿ ಕೇಳೂದಿಲ್ಲ, ಗಟ್ಟಿಯಾಗಿ ಹೇಳಿ” ಎಂದಳು ದೇವಿ. ಅಷ್ಟು ವರ್ಷ ಪಿಸುಮಾತಿನಲ್ಲೂ ಯಾರಿಗೂ ಹೇಳದ್ದನ್ನು ಕೊಪ್ಪಕ್ಕೆಲ್ಲ ಕೇಳುವ ಹಾಗೆ ಕೂಗಿ ಹೇಳಿದೆ. ನಾಗಿ ಕದಿಯಲಿಲ್ಲ, ಬೀಜ ನಾನೇ ಒಲೆಗೆ ಹಾಕಿ ಸುಟ್ಟೆ ಎಂದೆ. ಮುದುಕಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅರ್ಥವಾಗಲಿಲ್ಲವೇನೋ ಎಂದು ಮತ್ತೆ ಹೇಳಹೊರಟಾಗ ಕೈಯೆತ್ತಿ ತಡೆದಳು.

“ನಿನ್ನ ಅಜ್ಜಿಗೆ ಹೇಳಿದ್ಯ?” ಎಂದು ಕೇಳಿದಳು.

ಇಲ್ಲ ಎಂದೆ. ಅವಳಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಹಚ್ಚಿ ಹತ್ತಿರ ಬಗ್ಗಿದಳು. ನಾನು ಅದನ್ನೂ ಕೂಗಿಯೇ ಹೇಳಬೇಕಾಯಿತು.