ಕಬ್ಬಿಣದ ಗಾಲಿ ಬಿಚ್ಚಿದ ಭಾನುವಾರ

ಶನಿವಾರ ಹೊತ್ತು ಮುಳುಗುವ ಮುಂಚೆ ನಾನು ಟ್ರ್ಯಾಕ್ಟರಿನ ಕಬ್ಬಿಣದ ಗಾಲಿ ಬಿಚ್ಚಿಬಿಡುತ್ತಿದ್ದೆ. ನೆಲ್ಲಿನ ಗದ್ದೆಯ ಕೆಸರಿನಲ್ಲಿ ರಬ್ಬರ್ ಗಾಲಿ ಹೂತುಹೋಗುತ್ತದೆ. ಅದಕ್ಕೆ ಹಿಂದಿನ ಎರಡೂ ಗಾಲಿ ತೆಗೆದು, ಪಟ್ಟಿ ಬೆಸೆದ ದೊಡ್ಡ ಕಬ್ಬಿಣದ ಗಾಲಿ ಹಾಕಬೇಕು. ಅದನ್ನು ಹಾಕಿಕೊಂಡು ಡಾಂಬರು ರಸ್ತೆಗೆ ಹೋಗುವ ಹಾಗಿಲ್ಲ, ರಸ್ತೆ ಕಿತ್ತು ಬರುತ್ತದೆ. ರಬ್ಬರ್ ಗಾಲಿ ಇದ್ದರೆ ಬೇಕಾದಲ್ಲಿ ತಿರುಗಾಡಬಹುದು, ಕೆಸರಿಗೆ ಇಳಿಯುವ ಹಾಗಿಲ್ಲ. ಹೀಗಾಗಿ ಶನಿವಾರ ಸಂಜೆ ನನ್ನ ಮನೆಯ ಮುಂದೆ ನಿಂತ ಟ್ರ್ಯಾಕ್ಟರಿಗೆ ಯಾವ ಗಾಲಿ ಇದೆ ಎಂದು ನೋಡಿದರೆ ಸಾಕು, ಮರುದಿನ ನಾನು ಯಾರ ಗದ್ದೆಗೂ ಬರುವುದಿಲ್ಲ ಎಂಬುದು ಊರಿಗೆಲ್ಲ ತಿಳಿಯುತ್ತಿತ್ತು. ಬಾಯಿ ಬಿಟ್ಟು ಹೇಳುವ ಜರೂರೇ ಇರಲಿಲ್ಲ.

ಬಿಚ್ಚಿದ ಗಾಲಿಗಳನ್ನು ಮನೆಯ ಹಿಂದಿನ ಹೊಲಗಾಲುವೆಗೆ ಉರುಳಿಸಿ ನೀರಿನಲ್ಲಿ ಮಲಗಿಸುತ್ತಿದ್ದೆ. ನಮ್ಮ ಕಡೆಯ ಎರೆಮಣ್ಣು ಒಣಗಿದರೆ ಸಿಮೆಂಟು. ಹಾರೆ ಹಾಕಿದರೂ ಬಿಡುವುದಿಲ್ಲ. ನೀರಿನಲ್ಲಿ ನೆನೆದರೆ ಬೆಳಿಗ್ಗೆ ಕಾಲಿನಿಂದ ಒದ್ದರೂ ಉದುರುತ್ತದೆ. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ. ಹನ್ನೆರಡು ವರ್ಷ ಬೇರೆಯವರ ಟ್ರ್ಯಾಕ್ಟರ್ ಹೊಡೆದು, ಬೇರೆಯವರ ಗಾಲಿ ಕೆರೆದು ಉಗುರು ಸವೆಸಿಕೊಂಡ ಮೇಲೆ ನಾನೇ ಕಂಡುಕೊಂಡದ್ದು.

ನಮ್ಮೂರು ಶಹಾಪುರಕ್ಕೂ ಸುರಪುರಕ್ಕೂ ನಡುವೆ, ಕಾಲುವೆಯ ಒಂದು ಕವಲಿನ ದಂಡೆಗಿದೆ. ಕಾಲುವೆ ಬರುವ ಮೊದಲು ಜೋಳ, ತೊಗರಿ, ಎತ್ತಿನ ಗಳೆ, ಅಷ್ಟೇ. ನೀರು ಬಂದ ಮೇಲೆ ನೆಲ್ಲು ಬಂತು, ನೆಲ್ಲಿನ ಬೆನ್ನಿಗೆ ಟ್ರ್ಯಾಕ್ಟರ್ ಬಂತು. ಎತ್ತಿನ ಕಾಲದಲ್ಲಿ ಸೋಮವಾರ ಯಾರೂ ಗಳೆ ಹೂಡುತ್ತಿರಲಿಲ್ಲ. ಅದು ಬಸವಣ್ಣನ ವಾರ, ಎತ್ತಿನ ಹೆಗಲ ಮೇಲೆ ನೊಗ ಇಡಬಾರದು. ನನ್ನಪ್ಪ ಊರ ಗೌಡರ ಮನೆಯಲ್ಲಿ ವರ್ಷದ ಆಳಾಗಿದ್ದ. ಎತ್ತಿಗೆ ವಿಶ್ರಾಂತಿ ಸಿಕ್ಕ ದಿನವೇ ಅಪ್ಪನಿಗೆ ಮೈತುಂಬ ಕೆಲಸ. ಎತ್ತುಗಳನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗಿ ಮೈ ತಿಕ್ಕಬೇಕು, ಕೊಂಬಿಗೆ ಎಣ್ಣೆ ಹಚ್ಚಬೇಕು, ಕೊಟ್ಟಿಗೆ ಬಳಿಯಬೇಕು, ಹಗ್ಗ ಹೊಸೆಯಬೇಕು. ನಾಲ್ಕನೇ ಇಯತ್ತೆಗೆ ನನ್ನ ಶಾಲೆ ಬಿಡಿಸಿ ಅದೇ ಎತ್ತುಗಳ ಹಿಂದೆ ಹಚ್ಚಿದರು. ಶಾಲೆಗೆ ಭಾನುವಾರ ರಜೆ, ಎತ್ತಿಗೆ ಸೋಮವಾರ ರಜೆ. ಆ ಎರಡೂ ದಿನ ನಾನು ಹುಲ್ಲು ಕೊಯ್ದಿದ್ದೇನೆ.

ಹೀಗಾಗಿ ಯಾದಗಿರಿಯಿಂದ ಒಂದು ಹಳೆಯ ಟ್ರ್ಯಾಕ್ಟರ್ ತಂದು ನನ್ನದೇ ಅಂಗಳದಲ್ಲಿ ನಿಲ್ಲಿಸಿದ ಮೊದಲ ವಾರದಲ್ಲೇ ತೀರ್ಮಾನ ಮಾಡಿದೆ: ಭಾನುವಾರ ಬೇರೆಯವರ ಕೆಲಸಕ್ಕೆ ಹೋಗುವುದಿಲ್ಲ. ಮಗಳಿಗೂ ಅವತ್ತೇ ಶಾಲೆ ಇರುವುದಿಲ್ಲ.

ಮಾತು ಚಹಾದ ಹೋಟೆಲಿಗೆ ಮುಟ್ಟಿತು. ಎದುರು ಓಣಿಯಲ್ಲಿ ಇನ್ನೊಬ್ಬ ಟ್ರ್ಯಾಕ್ಟರಿನವನಿದ್ದ, ನನ್ನ ವಯಸ್ಸಿನವನೇ, ನನ್ನ ದೋಸ್ತ. ಎಲ್ಲರ ಮುಂದೆ ಅವನೇ ಶುರು ಮಾಡಿದ.

"ಎತ್ತಿಗಿ ಬಸವಣ್ಣನ ವಾರ ಐತಿ. ನಿನ್ನ ಟ್ರ್ಯಾಕ್ಟರಿಗಿ ಯಾವ ದೇವರ ವಾರಲೇ?"

"ಗ್ರೀಸಪ್ಪಂದು," ಎಂದೆ. "ನೀನೂ ಒಂದಿನ ಪೂಜಿ ಮಾಡು. ನಿನ್ನ ಗಾಡಿ ಹೊಗಿ ನೋಡಿ ಹಾದ್ಯಾಗ ಹೋಗೋರು ಯಾರ್ದೋ ಬಣವಿಗಿ ಬೆಂಕಿ ಬಿದ್ದೈತಿ ಅಂತ ಕೊಡ ತೊಗೊಂಡು ಓಡಿ ಬರ್ತಾರ."

ಹೋಟೆಲೆಲ್ಲ ನಕ್ಕಿತು. ಅವನೂ ನಕ್ಕ. ಆದರೆ ಭಾನುವಾರವೂ ಕೆಲಸ ಬಿಡಲಿಲ್ಲ ಅವನು. ಕರೆದವರ ಹೊಲಕ್ಕೆಲ್ಲ ಹೋಗುತ್ತಿದ್ದ.

ಭಾನುವಾರ ನಾನು ಮೈ ಚಾಚಿ ಬಿದ್ದಿರುತ್ತಿದ್ದೆ ಎಂದು ಯಾರೂ ತಿಳಿಯಬಾರದು. ಬೆಳಿಗ್ಗೆ ಎದ್ದವನೇ ಗಾಡಿಯ ಕೆಳಗೆ ಹೋಗುತ್ತಿದ್ದೆ. ಗಾಳಿ ಸೋಸುವ ಬಟ್ಟಲಿನ ಎಣ್ಣೆ ಚೆಲ್ಲಿ ಹೊಸದು ಹಾಕುವುದು, ಬ್ಯಾಟರಿಯ ನೀರು ನೋಡುವುದು, ಇದ್ದಬದ್ದ ಕೀಲುಗಳಿಗೆಲ್ಲ ಗ್ರೀಸು ಹೊಡೆಯುವುದು, ಅಚ್ಚಿನ ಸಂದಿಯಲ್ಲಿ ಕೆಸರು ನುಗ್ಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುವುದು. ಆಮೇಲೆ ಕಾಲುವೆಯ ಇಳುಕಲಿಗೆ ಒಯ್ದು ತೊಳೆಯುವುದು. ಮಗಳು ಮಡ್‌ಗಾರ್ಡಿನ ಮೇಲೆ ಕುಳಿತು ದೀಪದ ಗಾಜು ಒರೆಸುತ್ತಿದ್ದಳು. ಮಧ್ಯಾಹ್ನ ಹೊಳೆ ಕಡೆಯಿಂದ ಮೀನು ಬಂದಿದ್ದರೆ ಮೀನು, ಇಲ್ಲದಿದ್ದರೆ ಪುಂಡಿಪಲ್ಲೆ, ಬಿಸಿ ರೊಟ್ಟಿ. ಉಂಡು ಟ್ರೇಲರಿನ ನೆರಳಿಗೆ ಒಂದು ನಿದ್ದೆ. ಸಂಜೆ ಶಹಾಪುರಕ್ಕೆ. ಅಲ್ಲಿ ಬೇರೆ ಊರಿನ ಟ್ರ್ಯಾಕ್ಟರಿನವರೂ ಬಂದಿರುತ್ತಿದ್ದರು. ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಸೀಟಿನ ಮೇಲೆ ಕುಳಿತೇ ಚಹಾ ಕುಡಿದು ಒಬ್ಬರ ಗಾಡಿಯನ್ನು ಒಬ್ಬರು ಆಡಿಕೊಳ್ಳುತ್ತಿದ್ದೆವು. ಒಂದು ಭಾನುವಾರ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಟ್ರೇಲರಿನಲ್ಲಿ ಕೂರಿಸಿಕೊಂಡು ಶಿರವಾಳದ ಹಳೆ ಗುಡಿಗಳನ್ನು ತೋರಿಸಿ ತಂದೆ. ಹರಕೆ ಇಲ್ಲ, ಹಬ್ಬ ಇಲ್ಲ, ಸುಮ್ಮನೆ ನೋಡಲಿಕ್ಕೆ ಹೋಗಿ ಬಂದದ್ದು ಅವರಿಗೆ ಅದೇ ಮೊದಲು. ಒಬ್ಬ ಮುದುಕಿ ದಾರಿಯುದ್ದಕ್ಕೂ ಕೇಳುತ್ತಿದ್ದಳು: "ಅಲ್ಲಿ ನಮಗೇನು ಕೆಲಸ ಐತ್ಯೋ ಯಪ್ಪಾ?" ನಾನು ಹೇಳಿದೆ: "ಏನೂ ಇಲ್ಲಬೇ. ಅದಕ್ಕ ಹೊಂಟೀವಿ."

ಇಷ್ಟು ಹೇಳಿದ್ದು ಆ ಒಂದು ಭಾನುವಾರದ ಸಲುವಾಗಿ.

ನಾಟಿಯ ಹಂಗಾಮು. ಬೆಳಿಗ್ಗೆ ನಾನು ಗ್ರೀಸಿನ ಪಂಪು ಹಿಡಿದು ಗಾಡಿಯ ಕೆಳಗಿದ್ದೆ. ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಆಗ ಮುಪ್ಪಾಗಿ ಗೌಡರ ಕೆಲಸ ಬಿಟ್ಟು ಐದಾರು ವರ್ಷವಾಗಿತ್ತು. ಮೋಟಾರ್ ಸೈಕಲ್ ಬಂದು ನಿಂತ ಸದ್ದಿಗೆ ಅಪ್ಪ ಕಟ್ಟೆಯಿಂದ ಇಳಿದು ನಿಂತದ್ದು ಅವನ ಕಾಲು ನೋಡಿಯೇ ತಿಳಿಯಿತು. ಬಂದವರು ಗೌಡರೆಂದು ಅದರಿಂದಲೇ ಗೊತ್ತಾಯಿತು. ಬೇರೆ ಯಾರಿಗೂ ಅಪ್ಪ ಹಾಗೆ ಇಳಿಯುವುದಿಲ್ಲ.

ಗೌಡರು ಹಿತ್ತಿಲ ಕಡೆ ನೋಡಿ ಕೇಳಿದರು: "ಏನಪಾ, ಗಾಲಿ ನೀರಾಗ ಮಲಗ್ಯಾವ?"

"ಹೌದ್ರಿ ಗೌಡ್ರ. ವಾರ ಪೂರ್ತಿ ದುಡದಾವ. ಮಲಗಲಿ ಬಿಡ್ರಿ."

"ಎಬ್ಬಸು. ಕೆನಾಲ ನೀರು ನಮ್ಮ ಹೊಲಕ್ಕ ಬಂದಾವ. ಸಸಿ ಕಿತ್ತು ಇಟ್ಟೀನಿ. ಇವತ್ತ ಕೆಸರು ಹೊಡದ್ರ ನಾಳಿ ಹೆಣ್ಣಾಳು ಬರ್ತಾವ ಹಚ್ಚಾಕ."

"ನಾಳಿ ನಸುಕಿಗೆ ಬರ್ತೀನ್ರಿ. ಮೊದಲ ನಿಮ್ದ. ಹೆಣ್ಣಾಳು ಬುತ್ತಿ ಕಟಗೊಂಡು ಬರೋದ್ರಾಗ ಅರ್ಧ ಹೊಲ ಮುಗಿಸಿರ್ತೀನಿ."

"ನಾಳಿ ಅಲ್ಲ, ಇವತ್ತ."

"ಇವತ್ತ ಆಗಂಗಿಲ್ರಿ."

ನಮ್ಮ ಮನೆಯಿಂದ ಆ ಮನೆಗೆ 'ಆಗಂಗಿಲ್ಲ' ಎಂಬ ಮಾತು ಹೋದದ್ದು ಅದೇ ಮೊದಲು. ಗೌಡರಿಗೂ ಅದು ಗೊತ್ತಾಗಿರಬೇಕು. ಸಿಟ್ಟಿಗಿಂತ ಹೆಚ್ಚಾಗಿ ಅವರಿಗೆ ಸೋಜಿಗವಾದಂತಿತ್ತು.

"ಮೈಯಾಗ ಆರಾಮ ಇಲ್ಲೇನು?"

"ಆರಾಮ ಅದೀನ್ರಿ."

"ಬೀಗರ ಪೈಕಿ ಯಾರರ ಸತ್ತಾರೇನು?"

"ಎಲ್ಲಾರೂ ಗಟ್ಟಿ ಅದಾರ್ರಿ."

"ಗಾಡಿ ಕೆಟ್ಟೈತೇನು?"

"ಗಾಡಿ ಬರೋಬ್ಬರಿ ಐತ್ರಿ."

"ಮತ್ಯಾಕ?"

"ಆಯ್ತಾರ ಐತ್ರಿ," ಎಂದೆ. ಭಾನುವಾರ, ಅಷ್ಟೇ ಕಾರಣ.

ಇಲ್ಲಿ ಒಂದು ಮಾತು ಹೇಳಬೇಕು. ಟ್ರ್ಯಾಕ್ಟರಿನವರಲ್ಲಿ ಒಂದು ರೂಢಿಯಿದೆ. ದೊಡ್ಡವರ ಕೆಲಸಕ್ಕೆ ಹೋಗಲು ಮನಸ್ಸಿಲ್ಲದಿದ್ದರೆ ಕ್ಲಚ್ ಹೋಗಿದೆ ಎನ್ನಬೇಕು, ಇಲ್ಲವೇ ಪಂಪು ಕೆಟ್ಟಿದೆ ಎನ್ನಬೇಕು. ಕೇಳುವವರಿಗೂ ಅದು ಸುಳ್ಳೆಂದು ಗೊತ್ತಿರುತ್ತದೆ. ಆದರೆ ಇಬ್ಬರ ಮಾನವೂ ಉಳಿಯುತ್ತದೆ. ಗೌಡರು ಮೂರು ಸಲ ನನಗೆ ಆ ದಾರಿ ತೆರೆದು ಕೊಟ್ಟರು. ಮೂರು ಸಲವೂ ನಾನು ಹೋಗಲಿಲ್ಲ. ನನ್ನ ಗಾಡಿ ಕೆಟ್ಟಿಲ್ಲ. ಒಂದು ಗಂಟೆ ಕಷ್ಟಪಟ್ಟು ಗ್ರೀಸು ಹೊಡೆದ ಗಾಡಿಯನ್ನು ಕೆಟ್ಟಿದೆ ಎಂದು ನನ್ನ ಬಾಯಿಂದಲೇ ಯಾಕೆ ಹೇಳಲಿ?

"ಎತ್ತಿಗರ ಜೀವ ಇತ್ತು, ದಣೀತಿದ್ದವು, ಸೋಮಾರ ಬಿಡತಿದ್ವಿ," ಎಂದರು ಗೌಡರು. "ಈ ಕಬ್ಬಿಣಕ್ಕ ಎಂಥಾ ದಣಿವು, ಎಂಥಾ ಸೂಟಿ?"

"ಸೂಟಿ ಗಾಡಿಗಿ ಅಲ್ರಿ ಗೌಡ್ರ. ನನಗ."

ನನಗೂ ರಜೆಯೇ ಎಂಬಂತೆ ಅವರು ಹುಬ್ಬೇರಿಸಿದರು. ಆಮೇಲೆ ಅಪ್ಪನ ಕಡೆ ನೋಡಿ, "ನಿಮ್ಮಪ್ಪ ಒಂದು ದಿನಾನೂ ಹಿಂಗ ಮಾತಾಡಿದಾಂವ ಅಲ್ಲ," ಎಂದರು.

"ಅವಗ ಯಾರೂ ಕೇಳಿಲ್ರಿ."

"ಆತು. ಈ ಹಂಗಾಮಿನಾಗ ನಿನ್ನ ಗಾಡಿ ನನ್ನ ಹೊಲದಾಗ ಇಳಿಯೋದು ಬ್ಯಾಡ." ಮೋಟಾರ್ ಸೈಕಲ್ ತಿರುಗಿಸಿ ಹೋದರು. ಕೂಗಲಿಲ್ಲ, ಬೈಯಲಿಲ್ಲ. ಗೌಡರು ಕೆಟ್ಟವರೆಂದು ನಾನು ಯಾವತ್ತೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಕರೆದರೆ ಬರಬೇಕು ಎಂಬುದು ಅವರಿಗೆ ಹುಟ್ಟಿನಿಂದ ಬಂದದ್ದು, ಅಷ್ಟೇ.

ಆದರೆ ನನ್ನ ಅರ್ಧ ಹಂಗಾಮು ಅವರ ಹೊಲದ ಮೇಲೆ ನಿಂತಿತ್ತು. ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಕ್ಲಚ್ ಹೋಗೈತಿ ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

"ಕ್ಲಚ್ ಹೋಗಿಲ್ಲ."

"ಕ್ಲಚ್ ಹೋಗಿಲ್ಲ, ಹೊಲ ಹೋತು. ಅವರ್ನ ನೋಡಿ ಉಳದವರೂ ಕೈಬಿಟ್ರ ಗಾಡಿ ಮುಂದ ಕುಂತು ಹಾರ್ನ್ ಹೊಡಕೋತ ಇರ್ರಿ."

ಅಪ್ಪ ಮಾತ್ರ ಮೆತ್ತಗೆ, "ಎರಡು ತಾಸಿನ ಮಾತಿತ್ತು, ಹೋಗಿ ಬರಬೇಕಿತ್ತು ಮಗನ," ಎಂದ. ನಾನು ಮತ್ತೆ ಗಾಡಿಯ ಕೆಳಗೆ ಹೋದೆ. ಅವತ್ತು ಆ ಕೀಲುಗಳಿಗೆ ಬೇಕಾದದ್ದಕ್ಕಿಂತ ಹೆಚ್ಚು ಗ್ರೀಸು ಹೋಗಿದೆ. ಹೆದರಿಕೆ ಇರಲಿಲ್ಲವೇ ಎಂದರೆ, ಇತ್ತು. ಬಿಚ್ಚಿದ ಗಾಲಿಗಳನ್ನು ಮತ್ತೆ ಏರಿಸಲು ನಾಲ್ಕು ಜನ, ಮುಕ್ಕಾಲು ತಾಸು ಸಾಕಾಗಿತ್ತು. ಒಂದೆರಡು ಸಲ ಹಿತ್ತಿಲ ಕಡೆ ನೋಡಿದೆ ಕೂಡ. ಕಾಲುವೆಯ ನೀರು ಆ ಗಾಲಿಗಳ ಮೇಲಿಂದ ಹರಿಯುತ್ತಿತ್ತು. ಮಣ್ಣು ಕರಗಿ ಪಟ್ಟಿಗಳು ಒಂದೊಂದಾಗಿ ಬೆಳ್ಳಗೆ ಕಾಣುತ್ತಿದ್ದವು. ಅಲ್ಲೇ ಇರಲಿ ಎಂದುಕೊಂಡೆ.

ಗಾಡಿ ತೊಳೆಯುತ್ತಿದ್ದಾಗ ಕಾಲುವೆಯ ಆಚೆಯಿಂದ ಇಂಜಿನ್ ಸದ್ದು ಕೇಳಿತು. ದೋಸ್ತನ ಗಾಡಿ. ಹೊಗೆಯೂ ಕಂಡಿತು. ಗೌಡರ ಗದ್ದೆಗೆ ಇಳಿದಿದ್ದ. ನನಗೆ ಸಿಟ್ಟು ಬರಲಿಲ್ಲ. ಅವನೂ ಉಣ್ಣಬೇಕಲ್ಲ.

ಊಟಕ್ಕೆ ಕುಳಿತರೆ ಅಪ್ಪ ಇಲ್ಲ. ಮಗಳನ್ನು ಕೇಳಿದೆ.

"ಮುತ್ಯಾ ಗೌಡರ ಹೊಲಕ್ಕ ಹೋದ," ಎಂದಳು. "ಗಾಡಿ ಹೋಗಲಿಲ್ಲ, ನಾನರ ಹೋಗ್ತೀನಿ ಅಂದ."

ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದೆ.

ರಬ್ಬರ್ ಗಾಲಿಯ ಗಾಡಿಯನ್ನು ಗೌಡರ ಗದ್ದೆಯ ಪಕ್ಕದ ರಸ್ತೆಯಲ್ಲಿ ನಿಲ್ಲಿಸಿದೆ. ಕೆಳಗೆ ಇಳಿಯಲಿಲ್ಲ. ಅಪ್ಪ ಮೊಣಕಾಲುಮಟ ಕೆಸರಿನಲ್ಲಿ ನಿಂತು, ಸಲಿಕೆಯಿಂದ ಬದುವಿಗೆ ಮಣ್ಣು ಎಳೆಯುತ್ತಿದ್ದ. ಯಾರೂ ಹೇಳದೆ, ಯಾರೂ ಕೇಳದೆ, ನಾನು ಆಡಿದ ಮಾತಿನ ದಂಡ ತಾನು ಕಟ್ಟುತ್ತಿದ್ದ. ಗೌಡರು ಬೇವಿನ ಗಿಡದ ಕೆಳಗೆ ನಿಂತಿದ್ದರು. ನಾನು ಹಾರ್ನ್ ಹೊಡೆದೆ.

"ನಿಮ್ಮಪ್ಪ ತಾನ ಬಂದಾನ," ಎಂದರು ಗೌಡರು. "ನಾ ಕರದಿಲ್ಲ."

"ಗೊತ್ತೈತ್ರಿ. ಕರೀಲಾರದ ಬರೋದು ಅವಗ ರೂಢಿ ಆಗೈತಿ." ಆಮೇಲೆ ಅಪ್ಪನಿಗೆ ಕೂಗಿ ಹೇಳಿದೆ: "ಯಪ್ಪಾ, ಬಾ. ರೊಟ್ಟಿ ಆರಾಕತ್ತಾವ."

"ಇದೊಂದು ಒಡ್ಡು ಮುಗಿಸಿ ಬರ್ತೀನಿ ತಡಿ."

"ಬ್ಯಾಡ. ಆಯ್ತಾರ ಐತಿ."

ಅಪ್ಪ ಗೌಡರ ಕಡೆ ನೋಡಿದ. ನನ್ನ ಕಡೆ ನೋಡಿದ. ಎರಡು ಕಡೆಯೂ ಅವನಿಗೆ ಹುಕುಂ ಇದ್ದ ಹಾಗೆ ಕಂಡಿರಬೇಕು. ನಾನು ಮತ್ತೆ ಕರೆಯಲಿಲ್ಲ. ಕರೆದರೆ ನಾನೂ ಇನ್ನೊಬ್ಬ ಗೌಡನಾಗುತ್ತಿದ್ದೆ. ಇಂಜಿನ್ ಬಂದ್ ಮಾಡಿ ಕುಳಿತೆ. ಗದ್ದೆಯ ನಡುವೆ ದೋಸ್ತನೂ ಗಾಡಿ ನಿಲ್ಲಿಸಿದ. ಸುತ್ತ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ.

"ಹೋಗು ಕಾಕಾ," ಎಂದ ದೋಸ್ತ, ಸೀಟಿನ ಮೇಲಿಂದಲೇ. "ಒಡ್ಡು ನಾ ನೋಡ್ಕೋತೀನಿ. ನಿನ್ನ ಮಗ ಗಾಡಿ ತೊಳದು ಮದುವಿ ಮದಲಿಂಗನ್ನ ಮಾಡಿ ತಂದಾನ, ಬಿಸಿಲಾಗ ಬಾಡತೈತಿ."

ಅಪ್ಪ ಕೆಸರಿನಿಂದ ಒಂದೊಂದೇ ಕಾಲು ಕಿತ್ತು ಹೊರಗೆ ಬಂದ. ಸಲಿಕೆಯನ್ನು ಕಾಲುವೆಯಲ್ಲಿ ಅದ್ದಿ, ಅಂಗೈಯಿಂದ ಉಜ್ಜಿ ತೊಳೆದು, ಬದುವಿನ ಮೇಲೆ ಇಟ್ಟ. ಗೌಡರ ಸಲಿಕೆ ಗೌಡರ ಬದುವಿನ ಮೇಲೆ. ಆಮೇಲೆ ತನ್ನ ಕಾಲು ತೊಳೆದುಕೊಂಡ, ಬಹಳ ಹೊತ್ತು. ಗೌಡರಿಗೆ ಕೈಮುಗಿಯಲಿಲ್ಲ. ಮರೆತನೋ, ಬೇಕೆಂದೇ ಬಿಟ್ಟನೋ, ನಾನು ಕೇಳಲು ಹೋಗಿಲ್ಲ. ನನ್ನ ಕೈ ಹಿಡಿದು ಮಡ್‌ಗಾರ್ಡಿನ ಮೇಲೆ ಹತ್ತಿ ಕುಳಿತ.

ಆ ಹಂಗಾಮಿನಲ್ಲಿ ಗೌಡರ ಹೊಲ ನನಗೆ ಸಿಗಲಿಲ್ಲ. ಸುರಪುರದ ಕಡೆಯ ಸಣ್ಣ ಸಣ್ಣ ತುಂಡು ಗದ್ದೆಗಳನ್ನು ಹುಡುಕಿಕೊಂಡು ಹೋಗಿ, ಎಲ್ಲರೂ ಬೇಡವೆಂದ ಮೂಲೆಗಳಲ್ಲಿ ಗಾಡಿ ತಿರುಗಿಸಿದೆ. ಕಷ್ಟವಾಯಿತು. ಭಾನುವಾರದ ರಜೆ ಮಾತ್ರ ಬಿಡಲಿಲ್ಲ. ಮರುವರ್ಷ ಗೌಡರಿಂದ ಹೇಳಿಕೆ ಬಂತು: ಸೋಮವಾರ ಬರಬೇಕಂತೆ. ಹೋದೆ. ಸೋಮವಾರದ ಬಗ್ಗೆ ನನಗೇನೂ ತಕರಾರಿಲ್ಲ.

ಆ ಭಾನುವಾರ ಅಪ್ಪನನ್ನು ಗದ್ದೆಯಿಂದ ಕೂರಿಸಿಕೊಂಡು ಬರುವಾಗ ನನ್ನ ಸಿಟ್ಟೆಲ್ಲ ಕಾಲಿನಲ್ಲಿತ್ತು. ಗಾಡಿ ಓಡುತ್ತಿತ್ತು. ಕಾಲುವೆಯ ಸೇತುವೆ ದಾಟಿದ ಮೇಲೆ ಅಪ್ಪ ನನ್ನ ಹೆಗಲು ತಟ್ಟಿದ.

"ಇಷ್ಟ್ಯಾಕ ಜೋರ ಹೊಡೀತಿ?" ಎಂದ. "ಸೂಟಿ ಐತಿ ಅಂದೆಲ್ಲ. ನಿಧಾನ ನಡಿ."

ನಾನು ಗೇರು ಇಳಿಸಿದೆ.