ತ್ರ್ಯಂಬಕ ಮಾಸ್ತರರ ಯಾದಿ ಮತ್ತು ಎಂಟು ಮಾನಿಟರು

ಕುಮಟೆಯ ಒಂದು ಖಾಸಗಿ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ತ್ರ್ಯಂಬಕ ಎನ್ನುವವರು ಇಪ್ಪತ್ತೊಂಬತ್ತು ವರ್ಷ ಅಟೆಂಡರ್ ಆಗಿದ್ದರು. ಊರವರು ಅವರನ್ನು ಮಾಸ್ತರರು ಎಂದೇ ಕರೆಯುತ್ತಿದ್ದರು. ಪಾಠ ಹೇಳುವ ನಿಜವಾದ ಮಾಸ್ತರರಿಗೆ ಇದು ಅಷ್ಟೇನೂ ಹಿತವಾಗಿರಲಿಲ್ಲ. ಆದರೆ ಮನೆಯ ಮಿಕ್ಸರ್ ಕೆಟ್ಟ ದಿನ ಅವರೂ ‘ತ್ರ್ಯಂಬಕ ಮಾಸ್ತರೇ’ ಎಂದುಕೊಂಡೇ ಬಂದು ನಿಲ್ಲುತ್ತಿದ್ದರು.

ಭಟ್ಕಳದಲ್ಲಿ ನನ್ನದೊಂದು ಅಂಗಡಿ. ಮೊದಲು ರೇಡಿಯೋ, ಟೀವಿಗಳ ಬಿಡಿಭಾಗ ಇಡುತ್ತಿದ್ದೆ. ತೊಂಬತ್ತೇಳರ ನಂತರ ಕಂಪ್ಯೂಟರಿನದ್ದು ಶುರು ಮಾಡಿದೆ. ಗಿರಾಕಿಗಳಲ್ಲಿ ಎರಡು ಜಾತಿ. ಬರಿಗೈಯಲ್ಲಿ ಬಂದು ‘ಒಳ್ಳೇದು ಕೊಡಿ ಕಾಮತ್ರೇ’ ಎನ್ನುವವರು ಒಂದು. ಇವರಿಗೆ ಅಂಗಡಿಯಲ್ಲಿ ಯಾವುದು ಹೆಚ್ಚು ದಿನದಿಂದ ಕೂತಿದೆಯೋ ಅದೇ ಒಳ್ಳೆಯದು. ಇನ್ನೊಂದು, ತ್ರ್ಯಂಬಕ ಮಾಸ್ತರರ ಯಾದಿ ಹಿಡಿದು ಬರುವವರು. ಇವರಿಗೆ ವ್ಯಾಪಾರ ಮಾಡುವುದೆಂದರೆ ಡಾಕ್ಟರರ ಚೀಟಿಗೆ ಔಷಧ ಕೊಟ್ಟ ಹಾಗೆ. ಮೇಲೆ ಒಂದು ಮಾತಾಡುವಂತಿಲ್ಲ.

ಪ್ರಯೋಗಾಲಯದ ರೆಕಾರ್ಡ್ ಪುಸ್ತಕದಿಂದ ಹರಿದ ಹಾಳೆ, ಅಡಿಪಟ್ಟಿ ಇಟ್ಟು ಎಳೆದ ಗೆರೆ, ಪೆನ್ಸಿಲಿನ ದುಂಡು ಅಕ್ಷರ. ಪ್ರೊಸೆಸರ್ ಇಂಥದ್ದು, ಮದರ್‌ಬೋರ್ಡ್ ಇಂಥದ್ದು, ರ‍್ಯಾಮ್ ಇಷ್ಟು, ಹಾರ್ಡ್‌ಡಿಸ್ಕ್ ಇಷ್ಟು. ಪಕ್ಕದಲ್ಲಿ ಯಾಕೆ ಎಂದು ಒಂದೊಂದು ಸಾಲು. ಆಟ ಆಡುವವನಿಗೆ ಒಂದು ಯಾದಿ, ಬರೀ ಕಾಗದ ಟೈಪ್ ಮಾಡುವವನಿಗೆ ಬೇರೆ. ಆಟದವನ ಯಾದಿಯಲ್ಲಿ ‘ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿದರೂ ಸರಿ, ಗ್ರಾಫಿಕ್ಸ್ ಕಾರ್ಡಿನಲ್ಲಿ ಇಳಿಯಬೇಡಿ’ ಎಂದು ಬರೆದಿರುತ್ತಿದ್ದರು. ಕೊನೆಯಲ್ಲಿ ಮಾನಿಟರು. ಅದರ ಕೆಳಗೆ ಮಾತ್ರ ಎರಡು ಗೆರೆ. ‘ಇದಕ್ಕೆ ಬದಲು ಬೇಡ.’

ಇದೆಲ್ಲ ಅವರು ಕಲಿತದ್ದು ಕಾಲೇಜಿನ ವಾಚನಾಲಯಕ್ಕೆ ತಿಂಗಳಿಗೊಮ್ಮೆ ಬರುವ ಒಂದು ಇಂಗ್ಲಿಷ್ ಪತ್ರಿಕೆಯಿಂದ. ಯಾದಿಗೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಹೊನ್ನಾವರ, ಕುಮಟೆ, ಭಟ್ಕಳ ಮೂರೂ ಕಡೆಯ ಎಷ್ಟೋ ಮನೆಗಳಲ್ಲಿ ಅವರು ಆರಿಸಿದ ಕಂಪ್ಯೂಟರು ಇತ್ತು. ಅವರ ಮನೆಯಲ್ಲಿ ಇರಲಿಲ್ಲ. ಒಮ್ಮೆ ಕೇಳಿಯೇ ಬಿಟ್ಟೆ.

“ಮಾಸ್ತರೇ, ನಿಮ್ಮದೇ ಒಂದು ಯಾದಿ ಯಾವಾಗ ಬರೀತ್ರಿ?”

“ಬರದಿಟ್ಟದ್ದೇ ಅದೆ ಕಾಮತ್ರೇ. ವರ್ಷಕ್ಕೊಂದ್ಸಲ ತಿದ್ತೆ.”

“ತಿದ್ದೂಕೆ ಎಂತ ಖರ್ಚಿಲ್ಲ ಬಿಡಿ.”

“ಅದ್ಕೇ ತಿದ್ದೂದು,” ಎಂದು ನಕ್ಕರು. ಅಟೆಂಡರನ ಸಂಬಳ, ಅದೂ ಸರ್ಕಾರದ್ದಲ್ಲ, ಆಡಳಿತ ಮಂಡಳಿಯದ್ದು. ಪಿಂಚಣಿ ಇಲ್ಲದ ಕೆಲಸ.

ಮಾನಿಟರಿನ ವಿಷಯದಲ್ಲಿ ಅವರ ಹಟ ಏನೆಂದು ಹೇಳಬೇಕು. ಆಗಿನ ಮಾನಿಟರು ಎಂದರೆ ಬೆನ್ನು ಉಬ್ಬಿದ ಭಾರದ ಗಾಜಿನ ಡಬ್ಬ. ಅದರ ಪರದೆ ಒಂದೇ ಸಮ ಬೆಳಗುವುದಿಲ್ಲ. ಸೆಕೆಂಡಿಗೆ ಇಷ್ಟು ಸಲ ಎಂದು ಹತ್ತಿ ಆರುತ್ತಿರುತ್ತದೆ. ಅರವತ್ತು ಸಲವಾದರೆ ಟ್ಯೂಬ್‌ಲೈಟಿನ ಕೆಳಗೆ ಕೂತವನ ಕಣ್ಣಿಗೆ ಒಂದು ಸಣ್ಣ ನಡುಕ. ಗಂಟೆಗಟ್ಟಲೆ ಕೂತರೆ ತಲೆನೋವು, ಕಣ್ಣುರಿ. ಎಂಬತ್ತೈದಾದರೆ ಹಾಲಿನ ಕೆನೆಯಂತೆ ನಿಶ್ಚಲ. ಎರಡಕ್ಕೂ ಮುಖ ಒಂದೇ, ಅಳತೆ ಒಂದೇ. ಬೆಲೆ ಮಾತ್ರ ಬೇರೆ. ತ್ರ್ಯಂಬಕರಿಗೆ ಡಬ್ಬದ ಮೇಲಿನ ಬರಹದಲ್ಲಿ ನಂಬಿಕೆಯಿರಲಿಲ್ಲ. ಅಂಗಡಿಗೆ ಬಂದರೆ ಮಾನಿಟರು ಹಚ್ಚಿಸಿ, ಬಿಳಿ ಪರದೆಯ ಮುಂದೆ ಪೆನ್ಸಿಲನ್ನು ಬೀಸಣಿಗೆಯಂತೆ ಆಡಿಸುತ್ತಿದ್ದರು. ಒಂದು ಪೆನ್ಸಿಲು ಹತ್ತಾರಾಗಿ ಕಾಣುತ್ತದೆ. ಅವುಗಳ ನಡುವಿನ ಸಂದು ಅಗಲವಾಗಿದ್ದರೆ ಅರವತ್ತು, ಒತ್ತೊತ್ತಾಗಿದ್ದರೆ ಎಂಬತ್ತೈದು. ನೋಡಿ ತಲೆದೂಗುತ್ತಿದ್ದರು, ಇಲ್ಲವೇ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದು ಹೋಗುತ್ತಿದ್ದರು. ಅಂಥ ಗಿರಾಕಿ ಅಂಗಡಿಗೆ ಬರಬಾರದು.

ಎರಡು ಸಾವಿರದ ಮೂರರ ಜನವರಿಯಲ್ಲಿ ಹೊನ್ನಾವರದ ಪಕ್ಕದ ಕಾಸರಕೋಡಿನ ದಿನಕರ ನನ್ನಲ್ಲಿಗೆ ಬಂದ. ಅವನದ್ದು ಅಲ್ಲಿ ಐಸ್ ಪ್ಲಾಂಟು. ಹೊನ್ನಾವರ ಬಸ್‌ಸ್ಟ್ಯಾಂಡಿನ ಹತ್ತಿರ ಮಾಳಿಗೆ ಮೇಲೆ ಕಂಪ್ಯೂಟರ್ ಆಟದ ಸೆಂಟರ್ ಮಾಡುತ್ತೇನೆ ಎಂದ.

“ಐಸಿನವನಿಗೆ ಆಟದ ಹುಚ್ಚು ಎಲ್ಲಿಂದ ಹತ್ತಿತೋ?” ಎಂದೆ.

“ಹುಚ್ಚಲ್ಲ ಕಾಮತ್ರೇ, ಲೆಕ್ಕ. ಮಳೆಗಾಲದಲ್ಲಿ ಬೋಟು ನಿಲ್ತದೆ, ಐಸು ಯಾರಿಗೂ ಬೇಡ. ಮಕ್ಕಳು ಮಳೆಗಾಲದಲ್ಲೂ ಇರ್ತವೆ.”

ಕಿಸೆಯಿಂದ ಯಾದಿ ತೆಗೆದ. ಎಂಟು ಕಂಪ್ಯೂಟರು. ಗೆರೆ ಎಳೆದ ಅದೇ ಹಾಳೆ, ಅದೇ ದುಂಡು ಅಕ್ಷರ. ತ್ರ್ಯಂಬಕರು ಮಾರ್ಚಿನಲ್ಲಿ ನಿವೃತ್ತರಾಗುವವರಿದ್ದರು. ಸೆಂಟರನ್ನು ನೋಡಿಕೊಳ್ಳುವ ಮ್ಯಾನೇಜರ್ ಕೆಲಸ ಅವರಿಗೇ ಎಂದು ದಿನಕರ ಮಾತು ಕೊಟ್ಟಿದ್ದ. ಮಾಸ್ತರರು ಎರಡು ತಿಂಗಳು ಕೂತು ಆ ಎಂಟನ್ನು ಆರಿಸಿದ್ದರು. ಯಾಕೆಂದು ನನಗೆ ಅರ್ಥವಾಗಿತ್ತು. ಬೇರೆಯವರ ಮನೆಗೆ ಹೋಗುವ ಕಂಪ್ಯೂಟರಿಗೆ ಆರು ವರ್ಷ ಯಾದಿ ಬರೆದವರು, ಕಡೆಗೊಮ್ಮೆ ತಾವು ಕೂರುವ ಜಾಗಕ್ಕೆ ಬರೆಯುತ್ತಿದ್ದರು.

ದಿನಕರ ನಾನು ಕೂಡಿಸಿದ ಮೊತ್ತ ನೋಡಿ ಮುಖ ಸಿಂಡರಿಸಿದ. “ಮಾನಿಟರಿನಲ್ಲಿ ಎಂತಾದ್ರೂ ಇಳಿಸೂಕೆ ಬತ್ತದಾ?”

ಮುಂಬೈಯಿಂದ ಬಂದ ಒಂದು ಹೊರೆ ನನ್ನ ಗೋಡೌನಿನಲ್ಲಿತ್ತು. ಯಾವುದೋ ದೇಶದ ಯಾವುದೋ ಆಫೀಸಿನಲ್ಲಿ ದುಡಿದು ಸುಸ್ತಾದ ಹಳೆಯ ಮಾನಿಟರುಗಳು. ಹೊಸ ಡಬ್ಬ, ಹೊಸ ಮೂತಿ. ಅಳತೆ ಹದಿನೇಳು ಇಂಚು ಸರಿಯಾಗಿಯೇ ಇತ್ತು. ಅರವತ್ತಕ್ಕಿಂತ ಮೇಲೆ ಹೋಗುತ್ತಿರಲಿಲ್ಲ.

“ಅಳತೆಗೆ ಅಳತೆ ಉಂಟು. ಮಾಸ್ತರರು ಕೇಳಿದರೆ?” ಎಂದೆ.

“ದುಡ್ಡು ಹಾಕೂದು ಮಾಸ್ತರಾ ನಾನಾ?”

ನಾನು ಮಾರುವವನು. ಎಂಟನ್ನೂ ಕಟ್ಟಿಸಿದೆ.

ಏಪ್ರಿಲ್ ರಜೆ ಶುರುವಾದ ದಿನ ಬೆಳಿಗ್ಗೆ ಸೆಂಟರ್ ತೆರೆಯಿತು. ಬಾಗಿಲಲ್ಲಿ ಮಾವಿನೆಲೆ, ಒಳಗೆ ಎ.ಸಿ. ಐಸಿನವನಾದ್ದರಿಂದ ತಂಪಿಗೆ ಕೊರತೆಯಿರಲಿಲ್ಲ. ಬಾಗಿಲ ಪಕ್ಕದ ಗೋಡೆಯ ಮೇಲೆ ಆ ಯಾದಿಯನ್ನೇ ಪ್ಲಾಸ್ಟಿಕ್ ಹಾಕಿಸಿ ಅಂಟಿಸಿದ್ದ. ಮೇಲೆ ಕೆಂಪಕ್ಷರ: ‘ತ್ರ್ಯಂಬಕ ಮಾಸ್ತರರು ಸ್ವತಃ ಆರಿಸಿದ ಕಂಪ್ಯೂಟರುಗಳು. ಮಕ್ಕಳ ಕಣ್ಣಿಗೆ ಸುರಕ್ಷಿತ.’ ಅವನ ಬುದ್ಧಿ ನನಗಿಂತ ಒಂದು ಕೈ ಮೇಲೆ ಎಂದು ಆವತ್ತು ಒಪ್ಪಿಕೊಂಡೆ.

ತ್ರ್ಯಂಬಕರು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬಂದರು. ಒಳಗೆ ಕಾಲಿಟ್ಟು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ನಿಂತರು. ಓರೆಗಣ್ಣಿಗೇ ಗೊತ್ತಾಗಿತ್ತೆಂದು ತೋರುತ್ತದೆ. ಆದರೂ ಕಿಸೆಯಿಂದ ಪೆನ್ಸಿಲು ತೆಗೆದು ಮೊದಲನೆಯದರ ಮುಂದೆ ಆಡಿಸಿದರು. ಎರಡನೆಯದು. ಮೂರನೆಯದು. ಆಡುತ್ತಿದ್ದ ಹುಡುಗರು ‘ಅಡ್ಡ ಬರ್ಬೇಡಿ ಮಾಸ್ತರೇ’ ಎಂದು ಕೂಗಿದರು. ಎಂಟೂ ಮುಗಿಸಿಯೇ ತಿರುಗಿದರು. ನನ್ನ ಕಡೆ ನೋಡಲಿಲ್ಲ.

“ದಿನಕರ, ಇದು ನಾ ಬರದದ್ದಲ್ಲ.”

“ಹದಿನೇಳಕ್ಕೆ ಹದಿನೇಳು ಅದೆ ಅಲ್ಲಾ ಮಾಸ್ತರೇ? ಬೇಕಾದ್ರೆ ಟೇಪು ತಂದು ಅಳೀರಿ.”

“ಹಂಗಾರೆ ಗೋಡೆ ಮೇಲಿಂದು ತೆಗಿ. ನನ್ನ ಹೆಸ್ರು ಅದೆ ಅದ್ರಲ್ಲಿ.”

“ತೆಗೀತೆ,” ಎಂದ ದಿನಕರ, ದನಿ ಏರಿಸದೆ. “ಹೆಸ್ರು ತೆಗದ ಮೇಲೆ ಮ್ಯಾನೇಜರ್ ಯಾರಂತ ಜನ ಕೇಳ್ತ್ರು. ಬೇರೆಯವ್ರನ್ನ ನೋಡ್ಬೇಕಾತದೆ. ಎಂತ ಮಾಡ್ವ ಹೇಳಿ.”

ತ್ರ್ಯಂಬಕರು ಮಾಳಿಗೆ ಇಳಿದು ಹೋದರು. ಯಾದಿ ಗೋಡೆಯ ಮೇಲೆ ಹಾಗೆಯೇ ಉಳಿಯಿತು.

ನಾಲ್ಕನೆಯ ದಿನ ನನ್ನ ಅಂಗಡಿಗೆ ಬಂದರು. ಬೈಯುತ್ತಾರೆಂದು ಕುರ್ಚಿ ಎಳೆದು ಕೊಟ್ಟೆ. ಕೂರಿಸಿ ಬೈಸಿಕೊಂಡರೆ ಬೇಗ ಮುಗಿಯುತ್ತದೆ. ಅವರು ಬೈಯಲಿಲ್ಲ.

“ಕಾಮತ್ರೇ, ಎಂಟನ್ನೂ ಬದಲಿಸಿ ಕೊಡೂಕೆ ಆತದಾ? ಸಂಬಳದಲ್ಲಿ ತಿಂಗಳು ತಿಂಗಳು ಮುರ್ಕಳಿ ಅಂತ ದಿನಕರಂಗೆ ಹೇಳ್ತೆ.”

ಆ ಸಂಬಳದಲ್ಲಿ ಎಂಟು ಮಾನಿಟರಿನ ಬೆಲೆ ಮುಗಿಯಲು ಎಷ್ಟು ವರ್ಷ ಬೇಕೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. “ಆಗುವ ಮಾತು ಹೇಳಿ ಮಾಸ್ತರೇ,” ಎಂದೆ.

ಆಗ ನಾನು ದಿನಕರನಿಗೆ ಫೋನು ಮಾಡಿದೆ. ಫೋನಿನಲ್ಲಿ ನಾವಿಬ್ಬರು ಎರಡೇ ನಿಮಿಷದಲ್ಲಿ ಮುಗಿಸಿದೆವು. ಯಾದಿ ಗೋಡೆಯ ಮೇಲೇ ಇರಲಿ, ಮ್ಯಾನೇಜರ್ ಮೇಜಿಗೆ ಒಂಬತ್ತನೆಯ ಒಂದು ಕಂಪ್ಯೂಟರು. ಅದಕ್ಕೆ ಯಾದಿಯಲ್ಲಿದ್ದ ಅಸಲು ಮಾನಿಟರು. ಖರ್ಚು ಅರ್ಧ ದಿನಕರನದ್ದು, ಅರ್ಧ ನನ್ನದು. ಅದನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟು ಹಚ್ಚಿದೆ. ಬಿಳಿ ಪರದೆ ತೆರೆದುಕೊಂಡಿತು.

ಅವರು ಪೆನ್ಸಿಲು ತೆಗೆಯಲೇ ಇಲ್ಲ. ಕನ್ನಡಕ ತೆಗೆದು, ಅಂಗಿಯ ಚುಂಗಿಗೆ ಒರೆಸಿ, ಮತ್ತೆ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮೂರು ಗಿರಾಕಿ ಬಂದು ಹೋದರು, ಅವರು ಕದಲಲಿಲ್ಲ.

“ಕೆಂಪು ಸ್ವಲ್ಪ ಹೆಚ್ಚಿಗೆ ಅದೆ,” ಎಂದರು ಕೊನೆಗೆ. “ನಾ ಮನೆಗ್... ಅಲ್ಲಿಗೆ ಹೋಗಿ ಸರಿ ಮಾಡ್ಕಂತೆ.”

“ಗಾಡಿಯಲ್ಲಿ ಕಳಿಸ್ತೆ ಮಾಸ್ತರೇ, ಭಾರ.”

“ಬೇಡ. ಗಾಡಿಯಲ್ಲಿ ಕುಲುಕ್ತದೆ.”

ಭಟ್ಕಳದಿಂದ ಹೊನ್ನಾವರಕ್ಕೆ ಸರ್ಕಾರಿ ಬಸ್ಸು. ಕಂಡಕ್ಟರ್ ಪೆಟ್ಟಿಗೆಯನ್ನು ಮೇಲೆ ಹಾಕಿ ಎಂದನಂತೆ. ಇವರು ಲಗೇಜಿನ ಟಿಕೇಟು ತೆಗೆಸಿ ತೊಡೆಯ ಮೇಲೇ ಇಟ್ಟುಕೊಂಡು ಹೋದರು. ಬಸ್ಸು ಹೊರಡುವಾಗ ಕಿಟಕಿಯಲ್ಲಿ ಅವರ ಮುಖ ಕಾಣಿಸಲಿಲ್ಲ, ಪೆಟ್ಟಿಗೆ ಮಾತ್ರ ಕಾಣಿಸಿತು.

ಮಳೆ ಹಿಡಿಯಿತು. ದಿನಕರನ ಲೆಕ್ಕ ತಪ್ಪಲಿಲ್ಲ. ಬೋಟು ನಿಂತವು, ಸೆಂಟರ್ ತುಂಬಿತು. ಜುಲೈಯ ಒಂದು ಶನಿವಾರ ಮಧ್ಯಾಹ್ನ ಬಾಕಿ ಒಂದು ಕೇಬಲ್ ಕೊಡಲು ನಾನು ಅಲ್ಲಿಗೆ ಹೋಗಿದ್ದೆ. ತ್ರ್ಯಂಬಕರು ಬಾಗಿಲ ಬಳಿಯ ಮೇಜಿನಲ್ಲಿ ತಮ್ಮ ಮಾನಿಟರಿನ ಮುಂದೆ ಕೂತಿದ್ದರು. ಪರದೆಯಲ್ಲಿ ಒಂದು ವಿಮಾನ ಮೋಡದ ಮೇಲೆ ನೆಟ್ಟಗೆ ಹೋಗುತ್ತಿತ್ತು. ಅದನ್ನು ನಡೆಸುತ್ತಿದ್ದವರು ಅವರೇ. ಬೆಣ್ಣೆ ಸವರಿದ ಹಾಗಿತ್ತು ಚಿತ್ರ. ಹಿಂದೆ ಎಂಟು ಪರದೆ ನಡುಗುತ್ತಿದ್ದವು, ಎಂಟು ತಲೆ ಅವುಗಳಿಗೆ ಅಂಟಿಕೊಂಡಿದ್ದವು.

ಮೆಟ್ಟಿಲು ಹತ್ತಿ ಬಂಗಾರಿ ಬಂದಳು. ಬಸ್‌ಸ್ಟ್ಯಾಂಡಿನ ಎದುರು ತರಕಾರಿ ಮಾರುವವಳು. ಸೆರಗು ಒದ್ದೆ, ಕೈಯಲ್ಲಿ ಮಗ ಮಂಜುವಿನ ರಟ್ಟೆ. ಹುಡುಗನ ಕಣ್ಣು ಕೆಂಪಗಿದ್ದವು.

“ಮಾಸ್ತರೇ, ಇವ್ನಿಗೆ ದಿನಾ ತಲೆನೋವು. ಕಣ್ಣಲ್ಲಿ ನೀರು ಬತ್ತದೆ. ಶಾಲೆಯ ಅಕ್ಕೋರು ಕಂಪ್ಯೂಟರಿನದ್ದೇ ಅಂತ ಹೇಳ್ತ್ರು. ಇಂವ ಅಲ್ಲ ಅಂತ ಹೇಳ್ತ.” ಹಾಗೆಂದವಳು ಗೋಡೆಯ ಮೇಲಿನ ಯಾದಿಯತ್ತ ಕೈ ತೋರಿಸಿದಳು. “ನಂಗೆ ಓದೂಕೆ ಬರೂದಿಲ್ಲ. ನೀವೇ ಆರಿಸಿದ್ದು ಅಂತ ಬರದದೆ ಅಂದ್ರು. ನೀವು ಹೇಳಿದ್ರೆ ನಂಬ್ತೆ. ಕಣ್ಣಿಗೆ ಎಂತಾದ್ರೂ ಆತದಾ?”

ಸಾಲಿನ ಹುಡುಗರು ಒಬ್ಬರೂ ತಿರುಗಲಿಲ್ಲ. ಒಳಗಿನ ಕೋಣೆಯಲ್ಲಿ ದಿನಕರ ಇದ್ದ. ಬಾಗಿಲು ಅರೆ ತೆರೆದಿತ್ತು. ತ್ರ್ಯಂಬಕರ ಕೈ ಕೀಲಿಮಣೆಯ ಮೇಲೆ ನಿಂತಿತು. ಅವರು ಬಂಗಾರಿಯನ್ನು ನೋಡಿದರು, ಹುಡುಗನ ಕಣ್ಣು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಸೆಂಟರ್ ತೆರೆದ ದಿನ ನೋಡದಿದ್ದದ್ದನ್ನೂ ಸೇರಿಸಿ ನೋಡಿದ ಹಾಗಿತ್ತು.

“ನಾನೇ ಆರಿಸಿದ್ದು,” ಎಂದರು. “ಎಂತ ಆಗೂದಿಲ್ಲ. ರಾತ್ರಿ ಸರಿ ನಿದ್ದೆ ಮಾಡೂಕೆ ಹೇಳು.”

“ಅಷ್ಟೇಯಾ?” ಬಂಗಾರಿಯ ಮುಖ ಸಡಿಲವಾಯಿತು. “ನಾ ಸುಮ್ನೆ ಹೊಡದೆ ಇವ್ನಿಗೆ.” ಸೊಂಟದ ಸಂಚಿಯಿಂದ ಚಿಲ್ಲರೆ ತೆಗೆದು ಅರ್ಧ ಗಂಟೆಯ ದುಡ್ಡು ಮೇಜಿನ ಮೇಲಿಟ್ಟಳು. ಹುಡುಗ ಓಡಿ ಹೋಗಿ ಆಗಷ್ಟೇ ಖಾಲಿಯಾದ ಐದನೆಯದರ ಮುಂದೆ ಕೂತ.

ಅವಳು ಇಳಿದು ಹೋದಳು. ತ್ರ್ಯಂಬಕರು ದುಡ್ಡನ್ನು ಡ್ರಾವರಿಗೆ ಹಾಕಿದರು. ಇಷ್ಟು ಹೊತ್ತಿಗೆ ಅವರ ವಿಮಾನ ಎಲ್ಲೋ ಬಿದ್ದಿತ್ತು. ಮೊದಲಿಂದ ಶುರು ಮಾಡಿದರು.

ಆ ವರ್ಷದ ದೀಪಾವಳಿಗೆ ಹೆಬಳೆಯ ಒಬ್ಬರು ಹೊಸ ಕಂಪ್ಯೂಟರು ಕೊಳ್ಳಲು ನನ್ನಲ್ಲಿಗೆ ಬಂದರು. ಯಾದಿ ಎಲ್ಲಿ ಎಂದು ಅಭ್ಯಾಸಬಲದಿಂದ ಕೈ ಚಾಚಿದೆ. ಅವರ ಕೈ ಖಾಲಿಯಿತ್ತು.

“ಮಾಸ್ತರರ ಹತ್ರ ಹೋಗಿದ್ದೆ,” ಎಂದರು. “ಬರದು ಕೊಡ್ಲಿಲ್ಲ. ಕಾಮತ್ರ ಹತ್ರ ಹೋಗು, ಅವರು ಕೊಟ್ಟದ್ದು ತಕೊ ಅಂದ್ರು.”