ಮಾಲೀಕನ ಫೋನಿನಲ್ಲಿ ನಮ್ಮ ಚಳಿ
ನಮ್ಮ ಮನೆ ಮಾಲೀಕ ಗೆರಾರ್ಡ್ ಪಾಸೆಕ್ ಮನೆ ಬೆಚ್ಚಗಿಡಲು ಹೊಸ ಬಾಯ್ಲರ್ ಹಾಕಿಸುವ ಆಸಾಮಿಯಲ್ಲ. ಕೆಮ್ಮುತ್ತ ಉರಿಯುವ ಹಳೇ ಗ್ಯಾಸ್ ಬಾಯ್ಲರಿಗೇ ಎರಡು ವೈರು ಎಳೆದು, ಸ್ಮಾರ್ಟ್ ಡಬ್ಬಿಯೊಂದನ್ನು ಸಿಕ್ಕಿಸಿ, ಬಾಡಿಗೆದಾರರ ಚಳಿಗಾಲವನ್ನೇ ತನ್ನ ಫೋನಿಗೆ ಇಳಿಸಿಕೊಂಡ ಪುಣ್ಯಾತ್ಮ. ನಾವು ಇಲ್ಲಿ ಬಿಸಿ ಏರಿಸಿದರೆ ಅವನು ಅಲ್ಲಿ ಕೂತು ಇಳಿಸುತ್ತಾನೆ. ಹಾಸಿಗೆಗೆ ಗಾಳಿಯಾಡಲಿ ಎಂದು ಕಿಟಕಿ ತೆಗೆದರೆ ಡಬ್ಬಿ ಅವನಿಗೆ ಚಾಡಿ ಹೇಳುತ್ತದೆ, ತಕ್ಷಣ ಫೋನು: “ಬಿತೊಮ್ ಊರನ್ನೆಲ್ಲ ನಾನೇ ಬಿಸಿ ಮಾಡ್ಬೇಕೇನಮ್ಮ? ಹದಿನೇಳು ಡಿಗ್ರಿ ಸಾಕು, ಸ್ವೆಟರ್ ಹಾಕ್ಕೋ.” ಮನೆಯೊಳಗೇ ಟೋಪಿ ಹಾಕಿಕೊಂಡು ಸೂಪು ಕುಡಿಯುವ ಗತಿ ನಮ್ಮದು. ಮೊನ್ನೆ ತಡೆಯಲಾರದೆ ಜಗಳಕ್ಕೆಂದೇ ಅವನ ಮನೆಗೆ ಹೋದೆ. ಓವರ್‌ಕೋಟು, ಕೈಗವಸು ತೊಟ್ಟೇ ಬಾಗಿಲು ತೆಗೆದ. ಒಳಗೆ ಬಾಯ್ಲರೂ ಇಲ್ಲ, ಇದ್ದೊಂದು ಕಲ್ಲಿದ್ದಲ ಒಲೆಯೂ ತಣ್ಣಗೆ ಬಿದ್ದಿತ್ತು. ನಾನು ಬಾಯಿ ತೆರೆಯುವ ಮುಂಚೆಯೇ ಫೋನು ಮುಂದೆ ಹಿಡಿದು, “ನೋಡಮ್ಮ, ನಿಮ್ಮನೇಲಿ ಎಷ್ಟು ಬೆಚ್ಚಗಿದೆ,” ಎಂದ. ಮಾತಿನ ಜೊತೆ ಅವನ ಬಾಯಿಂದ ಹಬೆ ಬಂತು.